ಪತ್ರಾಗಾರದ ಕಡತಪಟ್ಟಿಯಲ್ಲಿ ನಮ್ಮ ಮನೆತನದ ಹೆಸರು ಸಿಗುತ್ತಿಲ್ಲ, ದುಡ್ಡು ಕೊಟ್ಟು ಯಾರಿಗಾದರೂ ಹುಡುಕಲು ಹೇಳಲಾ?

ಹೆಸರು ಹುಡುಕುವುದನ್ನೇ ಮೊದಲು ಬಿಡಿ. ಪತ್ರಾಗಾರ ಅಂದರೆ ಸರ್ಕಾರದ ಹಳೇ ಕಾಗದಗಳನ್ನು ಇಡುವ ಜಾಗ, ಅಲ್ಲಿನ ಪಟ್ಟಿಗಳಲ್ಲಿ ಇರುವುದು ಇಲಾಖೆ, ವರ್ಷ, ಕಡತದ ನಂಬರು, ಒಂದು ಸಾಲಿನ ವಿಷಯ. ರೈತರ ಹೆಸರು ಕಾಣುವುದು ಅಪರೂಪ.

ನಮ್ಮದು ಕೂಡ್ಲಿಗಿ ತಾಲೂಕಿನ ಹಳ್ಳಿ. ಮುತ್ತಾತನ ಅಪ್ಪ ಯಾರು ಅಂತ ಹೇಳುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಬೆಂಗಳೂರಿಗೆ ಹೋಗಿ ಹಳೇ ಮೈಸೂರು ಸರ್ಕಾರದ ಕಡತಪಟ್ಟಿ ಹಿಡಿದು ಕೂತೆ. ರಜೆಯೆಲ್ಲ ಅದಕ್ಕೇ ಹೋಯಿತು. ಮನೆತನ ಹಾಗಿರಲಿ, ಊರಿನ ಹೆಸರೇ ಇಲ್ಲ. ಇರುವುದಾದರೂ ಹೇಗೆ? ನಮ್ಮ ತಾಲೂಕು ಆಗ ಇದ್ದದ್ದು ಬಳ್ಳಾರಿ ಜಿಲ್ಲೆಯಲ್ಲಿ. ಬಳ್ಳಾರಿ 1800ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಗಿ ಮದ್ರಾಸಿಗೆ ಸೇರಿತ್ತು. ಮೈಸೂರಿಗೆ ಬಂದದ್ದು 1953ರಲ್ಲಿ. ನಾನು ಈಗಿನ ಭೂಪಟ ತಲೆಯಲ್ಲಿಟ್ಟುಕೊಂಡು ಹುಡುಕಿದ್ದೆ. ಆದರೆ ಕಾಗದ ಯಾವ ಕಚೇರಿಯಲ್ಲಿ ಹುಟ್ಟಿತೋ ಆ ಕಚೇರಿಯ ಲೆಕ್ಕದಲ್ಲೇ ಪಟ್ಟಿಗೆ ಸೇರುತ್ತದೆ. ಆಗ ನಮ್ಮೂರ ಜಮೀನಿನ ತಕರಾರು ದೊಡ್ಡದಾದರೆ ಬಳ್ಳಾರಿ ಕಲೆಕ್ಟರ್ ಹತ್ತಿರ ಹೋಗುತ್ತಿತ್ತು, ಅಲ್ಲಿಂದ ಮದ್ರಾಸಿನ ರೆವಿನ್ಯೂ ಬೋರ್ಡಿಗೆ. ಬೆಂಗಳೂರಿಗೆ ಬರುವ ದಾರಿಯೇ ಇರಲಿಲ್ಲ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರದ ಪಟ್ಟಿಯಿಂದಲೇ ಶುರು ಮಾಡುತ್ತಿದ್ದೆ.

ಕೊನೆಗೆ ದಾರಿ ತೋರಿಸಿದ್ದು ಮನೆಯ ಟ್ರಂಕಿನಲ್ಲಿದ್ದ ಕಂದಾಯ ರಸೀದಿ. ಅದರಲ್ಲಿದ್ದ ಸರ್ವೆ ನಂಬರು ಹಿಡಿದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಿಂದಕ್ಕೆ ಹೋದಾಗ ಅದು ಇನಾಮು ಜಮೀನು, ಅಂದರೆ ಆಳುವವರು ಕಂದಾಯ ಬಿಟ್ಟು ಅಥವಾ ಕಡಿಮೆ ಮಾಡಿ ಕೊಟ್ಟ ಜಮೀನು ಅಂತ ಗೊತ್ತಾಯಿತು. ಇಂಥ ಜಮೀನುಗಳ ಹಕ್ಕನ್ನು ವಿಚಾರಿಸಲು ಮದ್ರಾಸಿನಲ್ಲಿ ಇನಾಮು ಕಮಿಷನ್ ಶುರುವಾದದ್ದು 1858ರಲ್ಲಿ. ಅದರ ರಿಜಿಸ್ಟರು ಊರಿನ ಪ್ರಕಾರ ಇದೆ. ಇನಾಮು ಮೊದಲು ಯಾರಿಗೆ ಸಿಕ್ಕಿತು, ಆಗ ಯಾರ ಕೈಯಲ್ಲಿತ್ತು, ಅವರ ವಯಸ್ಸೆಷ್ಟು, ವಾರಸುದಾರರು ಯಾರು, ಎಲ್ಲಕ್ಕೂ ಕಾಲಂ ಇದೆ. ವಾರಸುದಾರರ ಕಾಲಂನಲ್ಲಿ ಮುತ್ತಾತನ ಅಪ್ಪನ ಹೆಸರಿತ್ತು, ಚಿಕ್ಕ ಹುಡುಗನಾಗಿ. ಆ ಸಾಲನ್ನು ಓದುವಾಗ ಕಣ್ಣು ತುಂಬಿ ಬಂತು.

ದುಡ್ಡು ಕೊಟ್ಟು ಹುಡುಕಿಸುವುದು ನನ್ನ ಪ್ರಕಾರ ಬೇಡವೇ ಬೇಡ. ನಿಮ್ಮ ಟ್ರಂಕಿನಲ್ಲಿರುವ ಪಾಲುಪಟ್ಟಿ, ಕ್ರಯಪತ್ರ ಅವರಿಗೆಲ್ಲಿ ಸಿಗಬೇಕು? ಸರ್ವೆ ನಂಬರು ನೀವೇ ತೆಗೆಯಿರಿ. ಆಮೇಲೆ 1956ಕ್ಕೆ ಮುಂಚೆ ನಿಮ್ಮ ತಾಲೂಕು ಯಾರ ಆಳ್ವಿಕೆಯಲ್ಲಿತ್ತು ನೋಡಿ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಮುಂಬೈಗೆ ಸೇರಿದ್ದವು. ಮಂಗಳೂರು ಮದ್ರಾಸಿಗೆ. ಕಲಬುರಗಿ, ಬೀದರ್, ರಾಯಚೂರು ಹೈದರಾಬಾದಿಗೆ. ಹೈದರಾಬಾದಿನ ಕಡತಗಳಾದರೆ ಉರ್ದು ಓದಬಲ್ಲವರು ಜೊತೆಗಿರಲಿ. ಮುಂಬೈ ಕಡೆಯ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿ, ಅಂದರೆ ಮರಾಠಿಯ ಹಳೇ ಕೂಡುಬರಹ ಸಿಗಬಹುದು.

ನಿಮ್ಮದು ಯಾವ ತಾಲೂಕು ಅಂತ ನೀವು ಬರೆದಿಲ್ಲ. ಮನೆತನದ ಹೆಸರಿಗಿಂತ ಅದೇ ಮುಖ್ಯ, ಪ್ರಶ್ನೆಗೆ ಸೇರಿಸಿ.