ಉಬುಂಟು ಪ್ರಕಾರ ಸಮುದಾಯವೇ ದೊಡ್ಡದು ಅಂದ್ರೆ ಒಬ್ಬ ಮನುಷ್ಯನ ಹಕ್ಕಿಗೆ ಅಲ್ಲಿ ಜಾಗ ಇದ್ಯಾ?

ನೀವು ಕೇಳಿರೋದು, ಉಬುಂಟು ಅನ್ನೋ ಆಫ್ರಿಕಾದ ಚಿಂತನೇಲಿ 'ನಾವಿದ್ರೆ ನಾನು' ಅಂತಾರಲ್ಲ, ಹಾಗಾದ್ರೆ ಊರೆಲ್ಲ ಸೇರಿ ಒಬ್ಬನ ಹಕ್ಕು ಕಿತ್ಕೊಂಡ್ರೂ ಅದು ಸರಿ ಅಂತಾಗಲ್ವಾ ಅಂತ. ನಾನು ಫಿಲಾಸಫಿ ಓದಿದವನಲ್ಲ. ಎಲ್‌ಎಲ್‌ಬಿ ಮಾಡುವಾಗ ಮರಣದಂಡನೆ ಬಗ್ಗೆ ಒಂದು ಸೆಮಿನಾರ್ ಪೇಪರ್ ಬರೀಬೇಕಿತ್ತು, ಆಗ ದಕ್ಷಿಣ ಆಫ್ರಿಕಾದ ಮಕ್ವಾನ್ಯಾನೆ ಕೇಸ್ ಕೈಗೆ ಸಿಕ್ತು, ಅಲ್ಲಿಂದ ಹಿಡಿದ ಹುಚ್ಚು ಇದು.

ಆ ಕೇಸಿನ ತೀರ್ಪು ಬಂದಿದ್ದು 1995ರ ಜೂನ್ 6ಕ್ಕೆ. ನಾಲ್ಕು ಕೊಲೆ ಮಾಡಿದ್ದಾರೆ ಅಂತ ಸಾಬೀತಾಗಿದ್ದ ಇಬ್ಬರನ್ನ ಗಲ್ಲಿಗೆ ಹಾಕ್ಬೇಕಾ ಬೇಡ್ವಾ ಅನ್ನೋದು ಪ್ರಶ್ನೆ. ಸಾಂವಿಧಾನಿಕ ಕೋರ್ಟಿನ 11 ಜಡ್ಜ್‌ಗಳೂ ಬೇಡ ಅಂದ್ರು, ಅದರಲ್ಲಿ ಮೊಕ್ಗೋರೊ, ಲಾಂಗಾ ಥರದವರು ನೇರವಾಗಿ ಉಬುಂಟು ಹೆಸರು ಹೇಳಿಯೇ ಬರೆದ್ರು, ಯಾಕಂದ್ರೆ 1993ರ ಮಧ್ಯಂತರ ಸಂವಿಧಾನದ ಕೊನೇಲಿ ಸೇಡು ಬೇಡ, ಉಬುಂಟು ಬೇಕು ಅನ್ನೋ ಅರ್ಥದ ಮಾತಿತ್ತು (1996ರ ಸಂವಿಧಾನದಲ್ಲಿ ಆ ಪದ ಮಾಯ, ಅದು ಬೇರೆ ಕಥೆ). ಈಗ ನಿಮ್ಮ ಪ್ರಶ್ನೆಗೆ ಬನ್ನಿ. ಜನಕ್ಕೆ ಗಲ್ಲು ಬೇಕು ಅಂತಲೇ ಇಟ್ಕೊಳ್ಳೋಣ, ಆದ್ರೂ ಅದರಿಂದ ಕೇಸ್ ತೀರ್ಮಾನ ಆಗಲ್ಲ ಅಂದ್ರು ಆ ಕೋರ್ಟಿನ ಅಧ್ಯಕ್ಷರಾಗಿದ್ದ ಜಡ್ಜ್ ಚಾಸ್ಕಲ್ಸನ್. ನಮ್ಮೊಳಗಿನ ತೀರಾ ಕೆಟ್ಟವರನ್ನೂ ತೀರಾ ದುರ್ಬಲರನ್ನೂ ಕಾಪಾಡೋಕೆ ನಾವು ತಯಾರಿದ್ರೆ ಮಾತ್ರ ಎಲ್ಲರ ಹಕ್ಕೂ ಉಳಿಯುತ್ತೆ ಅನ್ನೋದು ಅವರ ವಾದ. ಅಂದ್ರೆ ಸಮುದಾಯ ಬೇರೆ, ಕೈ ಎತ್ತಿದವರ ಲೆಕ್ಕ ಬೇರೆ. ಇವೆರಡನ್ನ ಒಂದೇ ಅಂದ್ಕೊಂಡಾಗಲೇ ನೀವು ಕೇಳಿದ ಡೌಟ್ ಬರೋದು.

ಫಿಲಾಸಫರ್‌ಗಳಲ್ಲೂ ಒಮ್ಮತ ಇಲ್ಲ. ನೈಜೀರಿಯಾದ ಇಫೆಯಾನಿ ಮೆಂಕಿಟಿ 1984ರಲ್ಲಿ ಬರೆದ ಒಂದು ಲೇಖನದಲ್ಲಿ, ಹುಟ್ಟಿದ ತಕ್ಷಣ ಯಾರೂ ಪೂರ್ತಿ ವ್ಯಕ್ತಿ ಅಲ್ಲ, ಸಮುದಾಯದಲ್ಲಿ ಬೆಳೀತಾ, ಜವಾಬ್ದಾರಿ ಹೊರ್ತಾ ವ್ಯಕ್ತಿ ಆಗ್ತಾರೆ, ಅದ್ರಲ್ಲಿ ಸೋಲಲೂಬಹುದು ಅಂದ್ರು. ಇದನ್ನ ಓದಿದಾಗ ನನಗೂ ನಿಮ್ಮಂಗೇ ಭಯ ಆಗಿತ್ತು, ಸೋತವನಿಗೆ ಹಕ್ಕು ಇಲ್ವಾ ಹಾಗಾದ್ರೆ? ಘಾನಾದ ಕ್ವಾಮೆ ಗ್ಯೆಚಿ ಇದು ಅತಿಯಾಯ್ತು ಅಂತ ತಿರುಗಿಬಿದ್ರು. ಅವರ ಅಕಾನ್ ಭಾಷೇಲಿ ಕ್ರೂರಿಯನ್ನ ಬೈಯೋದು 'ಅವನು ಮನುಷ್ಯನೇ ಅಲ್ಲ' ಅಂತ. ನಾವು ಕನ್ನಡದಲ್ಲಿ ಬೈಯೋದೂ ಡಿಟ್ಟೋ ಅದೇ, ಆದ್ರೆ ಹಾಗೆ ಬೈದವರು ಯಾರಾದ್ರೂ ಅವನ ರೇಷನ್ ಕಾರ್ಡ್ ಹರಿದು ಹಾಕಿ ಅಂತಾರಾ? ಅದು ಅವನ ನಡತೆ ಮೇಲೆ ಹೇಳಿದ ಮಾತು ಅಷ್ಟೇ. ಎಲ್ಲ ಮನುಷ್ಯರೂ ದೇವರ ಮಕ್ಕಳು, ಯಾರೂ ಮಣ್ಣಿನ ಮಕ್ಕಳಲ್ಲ ಅಂತ ಅಕಾನ್ ಗಾದೆಯೇ ಇದೆ, ಘನತೆ ಬರೋದು ಅಲ್ಲಿಂದ, ಅದನ್ನ ಊರಿನವರು ಕೊಟ್ಟಿದ್ದಲ್ಲ ಹಾಗಾಗಿ ವಾಪಸ್ ಕಿತ್ಕೊಳ್ಳೋಕೂ ಆಗಲ್ಲ. ನನ್ನ ಓಟು ಗ್ಯೆಚಿಗೆ.

ಆದ್ರೆ ಎಲ್ಲ ಸುಲಭ ಅಂತ ಹೇಳಲ್ಲ. ಅದೇ ಕೋರ್ಟಿನ ಭೆ ಕೇಸ್ ಅಂತ ಒಂದಿದೆ, 2004ರದ್ದು. ಕೇಪ್‌ಟೌನಿನ ಖಯೆಲಿಷಾದಲ್ಲಿ ಮನೆಗೆಲಸ ಮಾಡ್ತಿದ್ದ ಹೆಂಗಸು, ಬಡಗಿ ಕೆಲಸದ ಗಂಡಸು, ಇಬ್ಬರು ಚಿಕ್ಕ ಹೆಣ್ಮಕ್ಕಳು. ಆಸ್ತಿ ಅಂದ್ರೆ ಒಂದು ಸೈಟು, ಅದರ ಮೇಲೆ ಒಂದು ತಾತ್ಕಾಲಿಕ ಶೆಡ್ಡು, ಮುಂದೆ ಮನೆ ಕಟ್ಟೋಣ ಅಂತ ಕೂಡಿಸಿಟ್ಟಿದ್ದ ಸಾಮಾನು, ಇಷ್ಟೇ. ಆತ ತೀರಿಹೋದ. ಗಂಡಸರಿಗೇ ವಾರಸು ಅನ್ನೋ ಪದ್ಧತಿ ಪ್ರಕಾರ ಎಲ್ಲ ಆತನ ಅಪ್ಪನ ಪಾಲಾಯ್ತು, ಆ ಅಜ್ಜ ಅಂತ್ಯಕ್ರಿಯೆ ಖರ್ಚಿಗೆ ಅದನ್ನ ಮಾರ್ತೀನಿ ಅಂದ. ಸಮುದಾಯದ ಹೆಸರಲ್ಲಿ ಮೊಮ್ಮಕ್ಕಳೇ ಬೀದಿಗೆ.

ಲಾಂಗಾ ಬರೆದ ತೀರ್ಪು ನನಗೆ ಇಷ್ಟ ಆಗೋದು ಯಾಕಂದ್ರೆ ಅವರು ಪದ್ಧತಿಯನ್ನ ಅನಾಗರಿಕ ಅಂತ ಜರಿಯಲಿಲ್ಲ. ಹಿಂದೆ ಆಸ್ತಿ ತಗೊಂಡವನು ಸತ್ತವನ ಹೆಂಡ್ತಿ ಮಕ್ಕಳನ್ನ ಸಾಕೋ ಭಾರಾನೂ ತಗೋಬೇಕಿತ್ತು, ಈಗ ಕಾಲ ಬದಲಾಗಿ ಆಸ್ತಿ ಮಾತ್ರ ಕೈಗೆ ಬರುತ್ತೆ ಭಾರ ಜಾರಿಹೋಗುತ್ತೆ ಅಂತ ತೋರಿಸಿದ್ರು. ಇನ್ನೊಂದು ತಮಾಷೆ ನೋಡಿ, 'ನಮ್ಮ ಸಂಪ್ರದಾಯ' ಅಂತ ಆ ನಿಯಮಾನ ಗಟ್ಟಿ ಮಾಡಿ ಇಟ್ಟಿದ್ದು 1927ರಲ್ಲಿ ಬಿಳಿಯರ ಸರ್ಕಾರ ತಂದ ಕಾಯ್ದೆ, ಬದುಕಿರೋ ಪದ್ಧತಿ ಕಾಲಕ್ಕೆ ತಕ್ಕಂಗೆ ಬದಲಾಗ್ತಿರುತ್ತೆ, ಕಾಯ್ದೆ ಪುಸ್ತಕ ಸೇರಿದ್ದು ಹೆಪ್ಪುಗಟ್ಟಿ ಕೂತ್ಕೊಳ್ಳುತ್ತೆ.

ಕೋರ್ಟ್ ಆ ನಿಯಮಾನ ರದ್ದು ಮಾಡಿ ಇಬ್ಬರು ಹೆಣ್ಮಕ್ಕಳನ್ನೇ ವಾರಸುದಾರರು ಅಂತ ಘೋಷಿಸ್ತು. ಜಡ್ಜ್ ನ್‌ಕೋಬೊ ಮಾತ್ರ ಪೂರ್ತಿ ಕಿತ್ತು ಹಾಕೋದು ಬೇಡ, ಹೆಣ್ಣೂ ವಾರಸುದಾರಳಾಗೋ ಹಾಗೆ ಪದ್ಧತಿಯನ್ನೇ ತಿದ್ದೋಣ ಅಂತ ಬೇರೆ ಬರೆದ್ರು. ಫಿಲಾಸಫಿ ಲೆಕ್ಕದಲ್ಲಿ ನ್‌ಕೋಬೊ ಹೇಳಿದ್ದೇ ನನಗೆ ಹೆಚ್ಚು ಹಿಡಿಸೋದು, ಆದ್ರೆ ಆ ಶೆಡ್ಡಿನಲ್ಲಿ ಮಕ್ಕಳನ್ನಿಟ್ಕೊಂಡು ಕೂತಿದ್ದವಳು ನಾನಲ್ಲವಲ್ಲ.