ಬಳಸಿ ಬಿಟ್ಟ ಬಾಟಲಿಯಲ್ಲಿ ಜೇನು ನೆಲೆಸೀತೇ?

ಪ್ರಶ್ನೆ: ಮನೆಯಲ್ಲಿ ತಂಪುಪಾನೀಯದ ಬಾಟಲಿಗಳೂ ಸ್ಟ್ರಾಗಳೂ ಬಹಳ ಸೇರಿವೆ. ಸ್ಟ್ರಾಗಳನ್ನು ಬಾಟಲಿಯೊಳಗೆ ಒತ್ತಾಗಿ ಜೋಡಿಸಿ ತೋಟದಲ್ಲಿ ತೂಗುಹಾಕಿದರೆ ಜೇನುನೊಣಗಳು ಬಂದು ಗೂಡು ಮಾಡುತ್ತವೆಂದು ಕೇಳಿದ್ದೇನೆ. ಇದು ಸರಿಯೇ? ಪ್ಲಾಸ್ಟಿಕ್ ಕಸವನ್ನು ಜೇನಿಗಾಗಿ ಬಳಸುವ ಬೇರೆ ವಿಧಾನಗಳಿವೆಯೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಸ್ಟ್ರಾಗಳನ್ನು ದಯವಿಟ್ಟು ಬಳಸಬೇಡಿ. ಅಂಥ ಕೊಳವೆಗಳಿಗೆ ಬರುವುದು ಪೆಟ್ಟಿಗೆಯಲ್ಲಿ ಸಾಕುವ ತುಡುವೆಯೂ ಅಲ್ಲ, ಹೆಜ್ಜೇನೂ ಅಲ್ಲ. ಟೊಳ್ಳು ಕಡ್ಡಿಗಳಲ್ಲಿ ಒಂಟಿಯಾಗಿ ಮೊಟ್ಟೆಯಿಡುವ, ಎಲೆ ಕತ್ತರಿಸುವ ಜೇನು ಮೊದಲಾದ ಜೇನುನೊಣಗಳು. ತಾಯಿನೊಣ ಕೊಳವೆಯೊಳಗೆ ಪರಾಗದ ಉಂಡೆಯನ್ನಿಟ್ಟು, ಅದರ ಮೇಲೆ ಮೊಟ್ಟೆಯಿಟ್ಟು, ಬಾಯಿ ಮುಚ್ಚಿ ಹೋಗುತ್ತದೆ. ಪ್ಲಾಸ್ಟಿಕ್ ತೇವವನ್ನು ಹೀರುವುದೂ ಇಲ್ಲ, ಹೊರಬಿಡುವುದೂ ಇಲ್ಲವಾದ್ದರಿಂದ ಪರಾಗಕ್ಕೆ ಬೂಷ್ಟು ಹಿಡಿದು, ವಾರಗಟ್ಟಲೆ ಅಲ್ಲಿಯೇ ಬೆಳೆಯಬೇಕಾದ ಮರಿಹುಳು ಸಾಯುವ ಸಂಭವವಿದೆ. ನಿಮ್ಮ ಕರಾವಳಿಯ ಹವೆಯಲ್ಲಂತೂ ಈ ಅಪಾಯ ಇನ್ನೂ ಹೆಚ್ಚು. ಕೆನಡಾದ ಟೊರಾಂಟೊದಲ್ಲಿ ಎಲೆ ಕತ್ತರಿಸುವ ಜೇನುಗಳು ಪ್ಲಾಸ್ಟಿಕ್ ಚೀಲದ ಚೂರುಗಳನ್ನು ಗೂಡಿಗೆ ಸೇರಿಸಿಕೊಂಡದ್ದು 2013ರಲ್ಲಿ ವರದಿಯಾಯಿತು. ಅಲ್ಲಿ ಮರಿಗಳು ಬದುಕಿದ್ದು ನಿಜವಾದರೂ, ಅದು ಎಲೆಯ ಚೂರುಗಳ ನಡುವೆ ಬೆರೆತ ಅಲ್ಪ ಪ್ಲಾಸ್ಟಿಕ್. ಇಡೀ ಕೊಳವೆಯೇ ಪ್ಲಾಸ್ಟಿಕ್ ಆಗಿರಬಹುದೆಂಬುದಕ್ಕೆ ಅದು ಆಧಾರವಾಗದು. ಒಂದು ತುದಿಯಲ್ಲಿ ಗಂಟಿರುವ ಸಣ್ಣ ಬಿದಿರಿನ ಕಡ್ಡಿಗಳನ್ನು ಕತ್ತರಿಸಿ ಜೋಡಿಸಿ. ಬಾಟಲಿ ಅವುಗಳಿಗೆ ಮಳೆ ತಡೆಯುವ ಹೊರಕವಚವಾಗಲಿ.

ಬಾಟಲಿಯ ಉತ್ತಮ ಉಪಯೋಗವನ್ನು ಬ್ರೆಜಿಲ್‌ನ ಜೇನುಸಾಕಣೆದಾರರಿಂದ ಕಲಿಯಬಹುದು. ಚುಚ್ಚುವ ಮುಳ್ಳಿಲ್ಲದ ಕಿರುಜೇನಿನ ಹಿಂಡುಗಳು ಪಾಲಾಗಿ ಹೊಸ ಪೊಟರೆ ಹುಡುಕುವಾಗ ಅವುಗಳನ್ನು ಆಕರ್ಷಿಸಲು ಅವರು ಎರಡು ಲೀಟರಿನ ಬಾಟಲಿಗಳನ್ನು ಬಳಸುತ್ತಾರೆ. ಹಳೆಯ ಗೂಡಿನ ಮೇಣವನ್ನೂ ಅಂಟನ್ನೂ ಆಲ್ಕೊಹಾಲಿನಲ್ಲಿ ನೆನೆಸಿ, ಆ ದ್ರವವನ್ನು ಬಾಟಲಿಯ ಒಳಮೈಗೆಲ್ಲ ಸವರಿ, ಪೂರ್ತಿ ಒಣಗಿಸುತ್ತಾರೆ. ಹೊರಗೆ ದಪ್ಪವಾಗಿ ಪತ್ರಿಕೆ ಸುತ್ತಿ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಹೊದಿಸುತ್ತಾರೆ; ಹೀಗೆ ಒಳಗೆ ಕತ್ತಲೆಯೂ ಸಮನಾದ ಉಷ್ಣತೆಯೂ ಉಳಿಯುತ್ತವೆ. ಬಾಯಿಗೆ ಸಣ್ಣ ಕೊಳವೆಯನ್ನು ಸಿಕ್ಕಿಸಿ, ನೆರಳಿನಲ್ಲಿರುವ ಮರದ ಕಾಂಡಕ್ಕೆ ಕಟ್ಟುತ್ತಾರೆ. ಇದೇ ಬಗೆಯ ನಮ್ಮ ಕಿರುಜೇನಾದ ಮುಜಂಟಿಯೂ ಪೊಟರೆ, ಗೋಡೆಯ ಸಂದುಗಳಲ್ಲಿ ನೆಲೆಸುವ ಜೇನಾದ್ದರಿಂದ ಮಳೆಗಾಲ ಮುಗಿದು ಹೂವು ಹೆಚ್ಚುವ ಸಮಯದಲ್ಲಿ ನೀವೂ ಪ್ರಯತ್ನಿಸಬಹುದು. ಆದರೆ ಮೇಣವನ್ನು ಈಗಾಗಲೇ ಮುಜಂಟಿ ಸಾಕಿರುವವರಿಂದ ಕೇಳಿ ತನ್ನಿ. ಅದಕ್ಕಾಗಿ ಕಾಡಿನ ಗೂಡನ್ನು ಒಡೆಯುವುದು ಅನ್ಯಾಯ. ಹಿಂಡು ಬಂದು ನೆಲೆಯೂರಿ, ಮೊಟ್ಟೆಗಳೂ ಕಂಡ ಮೇಲೆ ಮರದ ಪೆಟ್ಟಿಗೆಗೆ ವರ್ಗಾಯಿಸಬೇಕು. ಬಾಟಲಿ ಅವುಗಳ ಶಾಶ್ವತ ಮನೆಯಲ್ಲ.

ಅಗಲವಾದ ಪ್ಲಾಸ್ಟಿಕ್ ಮುಚ್ಚಳದಲ್ಲಿ ಬೆಣಚುಕಲ್ಲುಗಳನ್ನು ಹರಡಿ, ಅವುಗಳ ತಲೆ ಮುಳುಗದಷ್ಟು ನೀರು ಹಾಕಿಟ್ಟರೆ ಬೇಸಿಗೆಯಲ್ಲಿ ತುಡುವೆಗಳಿಗೆ ಬಹಳ ಅನುಕೂಲ. ಸೊಳ್ಳೆ ಬೆಳೆಯದಂತೆ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ.

ನೀವು ಕೇಳದಿದ್ದರೂ ಇನ್ನೊಂದು ವಿಷಯವನ್ನು ಹೇಳಲೇಬೇಕು. ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪಿಸಿದ ಕಾಗದದ ಲೋಟಗಳಲ್ಲಿ ಉಳಿಯುವ ಸಕ್ಕರೆಯ ಪಾನೀಯಕ್ಕೆ ಜೇನುನೊಣಗಳು ಮುಗಿಬಿದ್ದು ಅದರಲ್ಲೇ ಸಾಯುತ್ತವೆ. ತಮಿಳುನಾಡಿನ ಸಂಶೋಧಕರು ಐದು ಕಾಫಿ ಅಂಗಡಿಗಳಲ್ಲಿ ಎಣಿಸಿ 2011ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪ್ರತಿ ಅಂಗಡಿಯಲ್ಲಿ ದಿನಕ್ಕೆ ಸರಾಸರಿ 168 ನೊಣಗಳು ಸತ್ತಿದ್ದವು. ನಿಮ್ಮೂರಿನ ಹೋಟೆಲುಗಳಲ್ಲಿ ಕಸದ ಬುಟ್ಟಿಗೆ ಮುಚ್ಚಳ ಹಾಕಿಸಲು, ಸ್ಟೀಲ್ ಲೋಟದಲ್ಲೇ ಕಾಫಿ ಕೊಡಿಸಲು ನೀವು ಒತ್ತಾಯಿಸಿದರೆ, ತೋಟದಲ್ಲಿ ತೂಗುಹಾಕುವ ಬಾಟಲಿಗಳಿಗಿಂತ ಅದರಿಂದ ಹೆಚ್ಚು ಜೇನು ಉಳಿಯುತ್ತದೆಂದು ನಾನು ನಂಬಿದ್ದೇನೆ.

ಕೊನೆಯದಾಗಿ, ಕೀಟನಾಶಕ ತುಂಬಿದ್ದ ಡಬ್ಬಿ ಬಾಟಲಿಗಳನ್ನು ಎಷ್ಟೇ ತೊಳೆದರೂ ಮೇಲಿನ ಯಾವ ಕೆಲಸಕ್ಕೂ ಬಳಸಕೂಡದು.