ತಳ ಹಂಚಿಕೊಂಡ ಎಲೆಕ್ಟ್ರಿಕ್ ಕಾರು ಕೊಳ್ಳಬಾರದೇ?

ಹಳೆಯ ಕಂಪನಿಗಳು ಪೆಟ್ರೋಲ್ ಕಾರಿನ ತಳಕ್ಕೆ ಬ್ಯಾಟರಿ ತುರುಕಿ ಮಾರುತ್ತವೆ, ಅಂಥ ಕಾರನ್ನು ಮುಟ್ಟಲೇಬಾರದೇ ಎಂದು ಕೇಳಿದ್ದೀರಿ. ಆರೋಪದಲ್ಲಿ ಹುರುಳಿದೆ. ಆದರೆ ಎಲೆಕ್ಟ್ರಿಕ್‌ಗೆಂದೇ ಮಾಡಿದ ಪ್ರತ್ಯೇಕ ತಳ (ಪ್ಲಾಟ್‌ಫಾರ್ಮ್) ಎಂದ ಮಾತ್ರಕ್ಕೆ ಕಾರು ಒಳ್ಳೆಯದಾಗಿಬಿಡುವುದಿಲ್ಲ.

ಫೋಕ್ಸ್‌ವ್ಯಾಗನ್‌ನ ಇ-ಗಾಲ್ಫ್ ನೋಡಿ. ಪೆಟ್ರೋಲ್ ಗಾಲ್ಫ್‌ನ ನೆಲದ ನಡುವಿನ ಉಬ್ಬಿನೊಳಗೆ, ಸೀಟುಗಳ ಕೆಳಗೆ, ಸಂದಿ ಸಿಕ್ಕಲ್ಲೆಲ್ಲ ಬ್ಯಾಟರಿ ಹೊಂದಿಸಿದರು. ಹಿಡಿದ ವಿದ್ಯುತ್ ಮೊದಲು 24.2 ಕಿಲೋವ್ಯಾಟ್ ಅವರ್ (ಯೂನಿಟ್), ಆಮೇಲೆ 35.8. ಅದೇ ಕಂಪನಿ ಎಂಇಬಿ ಎಂಬ ಹೊಸ ತಳದ ಮೇಲೆ ತಂದ ಐಡಿ.3 ಉದ್ದದಲ್ಲಿ ಹೆಚ್ಚುಕಡಿಮೆ ಗಾಲ್ಫ್‌ನಷ್ಟೇ. ಆದರೆ ಮುಂದೆ ಎಂಜಿನ್ ಇಲ್ಲದ್ದರಿಂದ ಚಕ್ರಗಳನ್ನು ಮೂಲೆಗೆ ತಳ್ಳಿ ವೀಲ್‌ಬೇಸನ್ನು, ಅಂದರೆ ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರವನ್ನು, 2.77 ಮೀಟರಿಗೆ ಹಿಗ್ಗಿಸಿದರು. ನಡುವೆ 77 ಕಿಲೋವ್ಯಾಟ್ ಅವರ್‌ವರೆಗಿನ ಬ್ಯಾಟರಿ ಚಪ್ಪಟೆಯಾಗಿ ಕುಳಿತಿತು. ಅಷ್ಟರಲ್ಲಿ ಬ್ಯಾಟರಿಯೊಳಗಿನ ಸೆಲ್‌ಗಳೂ ಸುಧಾರಿಸಿದ್ದವು, ಎಲ್ಲ ಶ್ರೇಯಸ್ಸೂ ತಳಕ್ಕೇ ಸಲ್ಲದು.

ಹಾಗಿದ್ದರೆ ಎಲ್ಲರೂ ಇದನ್ನೇ ಏಕೆ ಮಾಡುವುದಿಲ್ಲ? ಬಿಎಂಡಬ್ಲ್ಯು 2013ರಲ್ಲೇ ಐ3 ಕಾರಿಗೆ ಅಲ್ಯೂಮಿನಿಯಂ ಚಾಸಿ, ಕಾರ್ಬನ್ ಫೈಬರ್ ಒಡಲು ಎಂದು ಎಲ್ಲವನ್ನೂ ಹೊಸದಾಗಿ ಮಾಡಿತ್ತು. ದುಬಾರಿ ದಾರಿ. 2021ರ ಐ4 ವೇಳೆಗೆ ಹಿಂದೆ ಸರಿದು, ಪೆಟ್ರೋಲ್ ಕಾರುಗಳ ತಳವನ್ನೇ ಹಂಚಿಕೊಂಡು, ಮ್ಯೂನಿಕ್ ಕಾರ್ಖಾನೆಯಲ್ಲಿ ಅವುಗಳ ಸಾಲಿನಲ್ಲೇ ಇದನ್ನೂ ಜೋಡಿಸಿತು. ಬೇಡಿಕೆ ಯಾವ ಕಡೆ ವಾಲಿದರೂ ಕಾರ್ಖಾನೆ ಸುಮ್ಮನೆ ಕೂರುವುದಿಲ್ಲ. ಇದನ್ನು ಸೋಮಾರಿತನ ಎನ್ನಲಾರೆ. ಐ4 ಕೆಟ್ಟ ಕಾರೂ ಅಲ್ಲ. ಹಿಂದೆ ನಡುವೆ ಕುಳಿತವರ ಕಾಲಿಗೆ ಮಾತ್ರ ಪೆಟ್ರೋಲ್ ತಳದ ಉಬ್ಬು ಅಡ್ಡ! 2025ರಲ್ಲಿ ನೋಯ ಕ್ಲಾಸೆ ಹೆಸರಿನ ಪ್ರತ್ಯೇಕ ತಳದ ಮೇಲೆ ಐಎಕ್ಸ್3 ತಂದು ಕಂಪನಿ ಮತ್ತೆ ಮೊದಲಿನ ಹಾದಿ ಹಿಡಿಯಿತು.

ಆದ್ದರಿಂದ ತಳವೆಂಬ ಮನೆ ಯಾರಿಗಾಗಿ ಕಟ್ಟಿದ್ದು, ಬಾಡಿಗೆಗೆ ಬಂದವರು ಯಾರು ಎಂದು ನೋಡಿ. ಪ್ಯೂಜೋ, ಜೀಪ್ ಕಾರುಗಳ ಒಡೆಯ ಸ್ಟೆಲಾಂಟಿಸ್‌ನ ಎಸ್‌ಟಿಎಲ್‌ಎ ಮೀಡಿಯಂ ತಳವನ್ನು ಬ್ಯಾಟರಿಗೆಂದೇ ರೂಪಿಸಿ, ಹೈಬ್ರಿಡ್ ಎಂಜಿನ್‌ಗೂ ಜಾಗ ಕೊಟ್ಟಿದ್ದಾರೆ. ಹಂಚಿಕೆಯೇ ಆದರೂ ಇ-ಗಾಲ್ಫ್‌ನ ಲೆಕ್ಕ ಇದಕ್ಕೆ ಹೊಂದುವುದಿಲ್ಲ.

ಚಾರ್ಜಿಂಗ್ ವೇಗವನ್ನಂತೂ ಬೇರೆಯಾಗಿಯೇ ವಿಚಾರಿಸಿ. ಹ್ಯುಂಡೈನ ಎಲೆಕ್ಟ್ರಿಕ್ ತಳ ಇ-ಜಿಎಂಪಿ 800 ವೋಲ್ಟ್‌ನದು; ವೋಲ್ಟೇಜ್ ಹೆಚ್ಚಿದ್ದರೆ ಬೇಗ ಚಾರ್ಜ್ ಮಾಡುವುದು ಸುಲಭ. ತಕ್ಕ ಶಕ್ತಿಯ ಚಾರ್ಜರ್ ಸಿಕ್ಕರೆ ಐಯಾನಿಕ್ 5 ಶೇ. 10ರಿಂದ 80ಕ್ಕೆ 18 ನಿಮಿಷದಲ್ಲಿ ಏರುತ್ತದೆ ಎಂದು ಕಂಪನಿಯ ಲೆಕ್ಕ. ಎಂಇಬಿ ಕೂಡ ಪ್ರತ್ಯೇಕ ತಳವೇ, ಆದರೆ 400 ವೋಲ್ಟ್ ವರ್ಗದ್ದು. ಮನೆಯಲ್ಲೇ ರಾತ್ರಿ ಚಾರ್ಜ್ ಮಾಡುವವರಿಗೆ ಈ ವ್ಯತ್ಯಾಸದಿಂದ ಆಗಬೇಕಾದ್ದು ಕಡಿಮೆ.

ಕೊಳ್ಳುವ ಮುನ್ನ ಹಿಂದಿನ ಸೀಟಿನಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಪಾದ ಊರಿದಾಗ ಮೊಣಕಾಲು ಮೇಲೆದ್ದು ತೊಡೆ ಸೀಟಿಗೆ ತಾಗದಿದ್ದರೆ, ಕಾಲಡಿಯ ಬ್ಯಾಟರಿ ನೆಲವನ್ನು ಎತ್ತರಿಸಿದೆ ಎಂದರ್ಥ. ಪ್ರತ್ಯೇಕ ತಳದ ಕಾರಿಗೂ ಈ ತೊಂದರೆ ತಪ್ಪಿದ್ದಲ್ಲ. ಪೋರ್ಶೆ ಟೈಕಾನ್‌ನಲ್ಲಿ ಹಿಂದೆ ಕೂರುವವರ ಪಾದಕ್ಕೆಂದೇ ಬ್ಯಾಟರಿಯಲ್ಲಿ ತಗ್ಗು ಬಿಡಬೇಕಾಯಿತು.